ಮನೆಮಾತು: ತೂತು ಸವೆದ ಗಡಿಯಾರ

ಕಳೆದ ದೀಪಾವಳಿಯ ಸುಣ್ಣಬಣ್ಣದ ಗಲಾಟೆ ಮುಗಿದಂದಿನಿಂದ ನಮ್ಮ ಬಳಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಡಿಗೆಯವೂ ಅಲ್ಲ, ಮಕ್ಕಳ ಓದಿನವೂ ಅಲ್ಲ, ಗೋಡೆಯ ಗಡಿಯಾರದವು. "ಅಜ್ಜನ ಕಾಲದ ಗಡಿಯಾರ ನಿಂತುಹೋಗಿದೆ. ಒಳಗಿನ ಯಂತ್ರವನ್ನು ತೆಗೆದುಹಾಕಿ ಬ್ಯಾಟರಿಯದನ್ನು ಕೂರಿಸಿಕೊಡುತ್ತೇನೆಂದು ಅಂಗಡಿಯವನು ಹೇಳುತ್ತಾನೆ. ಒಪ್ಪಬಹುದೇ?" ಎಂಬುದು ಎಲ್ಲರ ಪ್ರಶ್ನೆಯ ಸಾರ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಒಪ್ಪಬೇಡಿ. ಏಕೆಂಬುದನ್ನು ವಿವರಿಸಲು ಈ ಸಲದ ಪುಟವೆಲ್ಲ ಬೇಕಾದೀತು. ವಾಚಕರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ನಾಗಪುರಕ್ಕೆ ಬಂದ ನಮ್ಮ ಹಿರಿಯರು ರೈಲ್ವೆಯಲ್ಲಿಯೋ, ಅಕೌಂಟಂಟ್ ಜನರಲ್ಲರ ಕಚೇರಿಯಲ್ಲಿಯೋ, ಬ್ಯಾಂಕಿನಲ್ಲಿಯೋ ನೌಕರಿ ಹಿಡಿದು ಬಂದವರು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ದೇವರ ಪೆಟ್ಟಿಗೆ. ಇವುಗಳ ಬೆನ್ನಿಗೇ ಧಾರವಾಡದಿಂದಲೋ ಕಲಬುರ್ಗಿಯಿಂದಲೋ ಮೈಸೂರಿನಿಂದಲೋ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಡಿಯಾರವೂ ಬಂದಿತು. ಬಜಾಜ್ ನಗರದಲ್ಲಿ ಅಂಗಳದ ಮನೆಗಳು ಹೋಗಿ ಫ್ಲ್ಯಾಟುಗಳೆದ್ದರೂ ಎಷ್ಟೋ ಮನೆಗಳ ನಡುಗೋಡೆಯ ಮೇಲೆ ಅದು ಇನ್ನೂ ಇದೆ. ಮುಖದ ಮೇಲಿನ ಹೆಸರನ್ನು ಓದಿ ನೋಡಿ: ಅಮೆರಿಕದ ಅನ್ಸೋನಿಯಾ ಅಥವಾ ಸೆತ್ ಥಾಮಸ್, ಜರ್ಮನಿಯ ಯುಂಗ್ಹಾನ್ಸ್, ಇಲ್ಲವೆ ಜಪಾನಿನ ಸೀಕೋಶಾ. ಈ ಸೀಕೋಶಾ ಎಂಬುದು ೧೮೯೨ರಲ್ಲಿ ಹತ್ತೋರಿ ಎಂಬ ವರ್ತಕ ಟೋಕಿಯೋದಲ್ಲಿ ತೆಗೆದ ಕಾರಖಾನೆ. ಇಂದಿನ ಸೀಕೋ ಅದರ ವಂಶದ್ದೇ. ಅನ್ಸೋನಿಯಾದವರಾದರೋ ೧೯೨೯ರಲ್ಲಿ ತಮ್ಮ ಯಂತ್ರಸಾಮಗ್ರಿಯ ಬಹುಭಾಗವನ್ನು ಸೋವಿಯತ್ ರಷ್ಯಕ್ಕೆ ಮಾರಿ ಬಾಗಿಲು ಹಾಕಿಕೊಂಡರು. ಹೀಗಿರುವಾಗ ಕಂಪೆನಿಯಿಂದ ಬಿಡಿಭಾಗ ತರಿಸೋಣವೆಂದರೆ ಎಲ್ಲಿಂದ ತರಿಸುವುದು? ಸವೆದುದನ್ನು ಇಲ್ಲಿಯೇ, ಕೈಯಿಂದಲೇ, ಸರಿಪಡಿಸಬೇಕು.

ಸವೆಯುವುದು ಯಾವುದು? ಗಡಿಯಾರ ನಿಂತಿತೆಂದರೆ ಸ್ಪ್ರಿಂಗು ಸೋತಿತು ಎಂದೇ ಎಲ್ಲರ ತೀರ್ಮಾನ. ಸ್ಪ್ರಿಂಗಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಬಹಳಷ್ಟು ಸುಳ್ಳು. ಗಡಿಯಾರದ ಒಡಲೆಂದರೆ ಎರಡು ಹಿತ್ತಾಳೆಯ ಹಲಗೆಗಳು, ಅವುಗಳ ನಡುವೆ ಸಾಲಾಗಿ ನಿಂತ ಹಲ್ಲುಚಕ್ರಗಳು. ಪ್ರತಿ ಚಕ್ರಕ್ಕೂ ಉಕ್ಕಿನ ಅಚ್ಚು. ಅಚ್ಚಿನ ಎರಡು ತುದಿಗಳನ್ನೂ ಸಣ್ಣ ಮೊನೆಗಳಾಗಿ ಕಡೆದಿರುತ್ತಾರೆ. ಆ ಮೊನೆಗಳು ಹಲಗೆಯ ತೂತುಗಳಲ್ಲಿ ಕೂತು ತಿರುಗುತ್ತವೆ. ಲೋಲಕ ಸುಮಾರು ೨೫ ಸೆಂಟಿಮೀಟರ್ ಉದ್ದದ್ದಾದರೆ ಸೆಕೆಂಡಿಗೆ ಎರಡು ಸಲ ಟಿಕ್ಕೆನ್ನುತ್ತದೆ. ದಿನಕ್ಕೆ ೧,೭೨,೮೦೦ ಸಲ, ವರ್ಷಕ್ಕೆ ಆರು ಕೋಟಿಗೂ ಮೇಲೆ. ಅಷ್ಟು ಸಲವೂ ಸ್ಪ್ರಿಂಗಿನ ಬಲ ಪ್ರತಿ ಮೊನೆಯನ್ನು ತೂತಿನ ಒಂದೇ ಮಗ್ಗುಲಿಗೆ ಒತ್ತುತ್ತದೆ. ಆ ಮಗ್ಗುಲು ಸವೆದು ಸವೆದು, ದುಂಡಗಿದ್ದ ತೂತು ಗೋಧಿಯ ಕಾಳಿನ ಆಕಾರಕ್ಕೆ ಬರುತ್ತದೆ. ಅಚ್ಚು ಓರೆಯಾಗುತ್ತದೆ, ಚಕ್ರಗಳು ಒಂದರಿಂದೊಂದು ದೂರ ಸರಿಯುತ್ತವೆ, ಹಲ್ಲಿಗೆ ಹಲ್ಲು ತುಂಬ ಕೂಡದೆ ತುದಿತುದಿಯಲ್ಲಿ ಉಜ್ಜುತ್ತದೆ. ಸ್ಪ್ರಿಂಗಿನ ಬಲ ದಾರಿಯಲ್ಲೇ ಸೋರಿಹೋಗುತ್ತದೆ. ಎಂಟು ದಿನದ ಗಡಿಯಾರ ಕೀಲಿ ಕೊಟ್ಟ ಮೂರು ದಿನ ಚೆನ್ನಾಗಿ ನಡೆದು, ಐದನೆಯ ದಿನ ನಿಂತರೆ ಈ ಸವೆತದ ಗುಮಾನಿ ಪಡಬೇಕು.

ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕು ಗಟ್ಟಿ. ಆದುದರಿಂದ ಹಿತ್ತಾಳೆ ಮಾತ್ರ ಸವೆಯುತ್ತದೆಂದು ತಿಳಿಯಬಾರದು. ಧೂಳು ಸೇರಿದರೆ ನ್ಯಾಯವೇ ತಿರುಗಿಬೀಳುತ್ತದೆ. ಧೂಳಿನ ಕಣಗಳು ಮೆತ್ತಗಿನ ಹಿತ್ತಾಳೆಯಲ್ಲಿ ಹೂತುಕೊಂಡು ಸಾಣೆಕಲ್ಲಿನಂತಾಗಿ ಉಕ್ಕಿನ ಮೊನೆಯನ್ನೇ ಅರೆಯತೊಡಗುತ್ತವೆ. ಏಪ್ರಿಲ್-ಮೇ ತಿಂಗಳ ನಾಗಪುರದ ಧೂಳುಗಾಳಿಯನ್ನು ನಮ್ಮ ಓದುಗರಿಗೆ ವರ್ಣಿಸಿ ಹೇಳಬೇಕಾಗಿಲ್ಲ.

ಇನ್ನು ಎಣ್ಣೆಯ ವಿಚಾರ. ನಮ್ಮ ಜನರಿಗೆ ಯಾವ ಯಂತ್ರ ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆಯ ಬಟ್ಟಲೇ ನೆನಪಾಗುವುದು. ತಲೆಗೆ ಒಳ್ಳೆಯದಾದುದು ಗಡಿಯಾರಕ್ಕೂ ಒಳ್ಳೆಯದೆಂಬ ಭಾವನೆ! ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಹೇಗೋ ನಡೆದೀತು. ನಾಗಪುರದ ಡಿಸೆಂಬರ್ ರಾತ್ರಿಯಲ್ಲಿ ಅದು ತೂತಿನೊಳಗೆ ಮೇಣವಾಗಿ ನಿಲ್ಲುತ್ತದೆ. ಚಳಿಗಾಲದ ಮುಂಜಾವದಲ್ಲಿ ನಿಂತು, ಮಧ್ಯಾಹ್ನ ಬಿಸಿಲೇರಿದ ಮೇಲೆ ತಳ್ಳಿದರೆ ನಡೆಯುವ ಗಡಿಯಾರವನ್ನು ಕಂಡರೆ "ಎಣ್ಣೆ ಯಾವುದು?" ಎಂದು ಕೇಳಬೇಕು. ಸಾಲದುದಕ್ಕೆ ಹಳಸಿದ ಎಣ್ಣೆಯ ಆಮ್ಲ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯೂ ಬೇಡ. ಹಳೆಯ ಜಿಡ್ಡಿನ ಮೇಲೆ ಹೊಸ ಎಣ್ಣೆ ಹಾಕುವುದೆಂದರೆ ಧೂಳನ್ನು ಕಲಸಿ ಅರೆಯುವ ಹಿಟ್ಟು ಮಾಡಿಕೊಟ್ಟಂತೆ. ಬಿಚ್ಚಿ ತೊಳೆದ ಮೇಲೆ, ತೂತಿಗೊಂದು ಸಣ್ಣ ಹನಿ, ಗಡಿಯಾರದ್ದೇ ಎಣ್ಣೆ. ಚಕ್ರದ ಹಲ್ಲುಗಳಿಗೆ ಹನಿಯೂ ಬೇಡ.

ಈ ಎಣ್ಣೆಯ ಕಾಟವನ್ನು ಕಂಡೇ ಇರಬೇಕು, ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಬಡಗಿ ಎಣ್ಣೆಯೇ ಬೇಡದ ಗಡಿಯಾರ ಮಾಡಿದ. ಮುಂದೆ ಹಡಗಿನ ಗಡಿಯಾರದಿಂದ ಲೋಕಪ್ರಸಿದ್ಧನಾದವನು ಈತನೇ. ೧೭೨೨ರ ಸುಮಾರಿಗೆ ಬ್ರಾಕಲ್ಸ್‌ಬಿ ಪಾರ್ಕಿನ ಕುದುರೆಲಾಯದ ಮೇಲೆ ಆತ ಕೂರಿಸಿದ ಮರದ ಗಡಿಯಾರದಲ್ಲಿ ಉಜ್ಜಾಡುವ ಎಡೆಗಳಿಗೆ ಲಿಗ್ನಮ್ ವೈಟೀ ಎಂಬ, ತನ್ನಲ್ಲಿಯೇ ಜಿಡ್ಡುಳ್ಳ ಗಟ್ಟಿ ಮರವನ್ನು ಬಳಸಿದ. ಮುನ್ನೂರು ವರ್ಷ ಕಳೆದರೂ ಅದು ನಡೆಯುತ್ತಿದೆ. ನಮ್ಮ ಮನೆಗಳಿಗೆ ಬಂದವು ಅಂಥವಲ್ಲ, ಕಾರಖಾನೆಯ ಅಗ್ಗದ ಸರಕು. ಅವಕ್ಕೆ ಎಣ್ಣೆಯೂ ಬೇಕು, ಆಗಾಗ್ಗೆ ತೊಳೆತವೂ ಬೇಕು.

ರಿಪೇರಿಗೆ ಒಯ್ಯುವ ಮೊದಲು ಒಂದು ಮಾತು. ಸುಣ್ಣ ಬಳಿಯುವಾಗ ಇಳಿಸಿದ ಗಡಿಯಾರವನ್ನು ಮತ್ತೆ ನೇತುಹಾಕುವಾಗ ಕೂದಲೆಳೆಯಷ್ಟು ಓರೆಯಾದರೂ ಅದು ಕುಂಟುತ್ತದೆ. ಕಣ್ಣು ಮುಚ್ಚಿ ಕೇಳಿ: ಟಿಕ್ಕಿಗೂ ಟಾಕಿಗೂ ನಡುವಣ ಅಂತರ ಎರಡು ಕಡೆಗೂ ಸಮವಾಗಿರಬೇಕು. ಇಲ್ಲದಿದ್ದರೆ ಕೆಳತುದಿಯನ್ನು ಎಡಕ್ಕೋ ಬಲಕ್ಕೋ ನವಿರಾಗಿ ಸರಿಸಿ ನೋಡಿ. ಎಷ್ಟೋ 'ಕೆಟ್ಟ' ಗಡಿಯಾರಗಳು ಹೀಗೆ ಕಾಸಿಲ್ಲದೆ ಗುಣವಾಗುತ್ತವೆ.

ನಮ್ಮ ಪಕ್ಕದ ಬೀದಿಯ ಒಂದು ಮನೆಯ ಕಥೆ ಹೇಳಬೇಕು. ಆ ಮನೆಯ ಹಿರಿಯ ತಾಯಿಗೆ ಕಣ್ಣು ಪೂರಾ ಮಂಜಾಗಿ ಕೆಲವು ವರ್ಷಗಳಾದವು. ಮಗ-ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ಒಬ್ಬರೇ. ಗುಳಿಗೆ ನುಂಗುವುದು, ಕಣ್ಣಿಗೆ ಹನಿ ಹಾಕಿಕೊಳ್ಳುವುದು, ಊಟ ಎಲ್ಲವೂ ಗಡಿಯಾರದ ಗಂಟೆಯ ಎಣಿಕೆಯ ಮೇಲೆ. ಗಡಿಯಾರ ನಿಲ್ಲತೊಡಗಿದಾಗ ಒಬ್ಬ ರಿಪೇರಿಗಾರನನ್ನು ಕರೆತಂದರು. ಆತ ತೂತುಗಳ ಸುತ್ತ ಉಳಿಯಿಂದ ಗುದ್ದಿ ಹಿತ್ತಾಳೆಯನ್ನು ಒಳಕ್ಕೆ ತಳ್ಳಿ ಬಿಗಿಮಾಡಿದ. ಮೂರು ತಿಂಗಳು ನಡೆಯಿತು. ಮತ್ತೆ ನಿಂತಿತು. ಈ ಸಲ ಆತನೇ ಇನ್ನಷ್ಟು ದಪ್ಪನೆಯ ಸ್ಪ್ರಿಂಗು ಹಾಕಿದ. ನಡೆಯಿತೇನೋ ಸರಿ, ಹೆಚ್ಚಿದ ಬಲಕ್ಕೆ ತೂತುಗಳು ಇಮ್ಮಡಿ ವೇಗದಲ್ಲಿ ಸವೆದವು. ಇದು ಕುಂಟುವ ಎತ್ತಿಗೆ ಬಾರುಕೋಲಿನ ಚಿಕಿತ್ಸೆ. ಈ ನಡುವೆ ನಿಂತು ನಡೆದು, ಮುಳ್ಳನ್ನು ಅವರಿವರು ತಿರುಗಿಸಿ, ಎಣಿಕೆ ತಪ್ಪಿತು. ನಾಲ್ಕಕ್ಕೆ ಏಳು ಹೊಡೆಯಿತು. ತಾಯಿ ರಾತ್ರಿಯ ಗುಳಿಗೆಯನ್ನು ಸಂಜೆಗೇ ನುಂಗಿದರು. ದೇವರ ದಯೆಯಿಂದ ಕೇಡಾಗಲಿಲ್ಲ. ಬ್ಯಾಟರಿ ಯಂತ್ರದ ಮಾತು ಬಂದುದು ಅಂದೇ.

ಎಣಿಕೆ ತಪ್ಪುವುದು ಸವೆತವಲ್ಲವೆಂದು ಇಲ್ಲಿ ತಿಳಿಸಿಬಿಡುತ್ತೇವೆ. ಈ ಗಡಿಯಾರಗಳಲ್ಲಿ ಅನೇಕವು ಕಚ್ಚುಗಳುಳ್ಳ ಎಣಿಕೆಚಕ್ರದಿಂದ ಗಂಟೆ ಹೊಡೆಯುತ್ತವೆ. ಮುಳ್ಳು ಎಲ್ಲಿದೆಯೆಂಬುದು ಆ ಚಕ್ರಕ್ಕೆ ಗೊತ್ತಿಲ್ಲ. ಮೂರಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಐದು, ಅಷ್ಟೇ ಅದರ ವಿದ್ಯೆ. ಹಲವು ಅಮೆರಿಕನ್ ಗಡಿಯಾರಗಳಲ್ಲಿ ಮುಖದ ಕೆಳಗೆ ಒಂದು ತಂತಿ ಇಳಿಬಿದ್ದಿರುತ್ತದೆ. ಅದನ್ನು ಮೆಲ್ಲನೆ ಮೇಲೆತ್ತಿ ಬಿಟ್ಟರೆ ಮುಂದಿನ ಗಂಟೆ ಹೊಡೆಯುತ್ತದೆ. ಸರಿಯಾದ ಎಣಿಕೆ ಬರುವವರೆಗೆ ಹಾಗೆ ಮಾಡಬೇಕು.

ಆ ಮನೆಯವರು ಕೊನೆಗೆ ಮಹಲ್ ಕಡೆಯ ಗಲ್ಲಿಯೊಂದರಲ್ಲಿ ಒಬ್ಬ ಮುದುಕನನ್ನು ಹುಡುಕಿದರು. ಆತ ಮಾಡಿದುದೇ ಸರಿಯಾದ ಚಿಕಿತ್ಸೆ: ಬುಶ್ ಹಾಕುವುದು. ನಮ್ಮ ಬಡಾವಣೆಯ ಮಗ್ಗುಲಲ್ಲಿಯೇ ೧೯೬೦ರಲ್ಲಿ ಆರಂಭವಾದ, ನಮ್ಮ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಇಂಜಿನಿಯರಿಂಗ್ ವಿದ್ಯಾಲಯವಿದೆ. ಅಲ್ಲಿ ಓದುವ ಹುಡುಗರು ಮನೆಯಲ್ಲಿದ್ದರೆ ಬುಶ್ ಎಂದರೇನೆಂದು ಅವರನ್ನೇ ಕೇಳಬಹುದು: ಸವೆದ ತೂತನ್ನು ದೊಡ್ಡದು ಮಾಡಿ, ಅದರೊಳಗೆ ಹೊಸ ಲೋಹದ ಕೊಳವೆಯೊಂದನ್ನು ಬಿಗಿಯಾಗಿ ಕೂರಿಸಿ, ಅದರಲ್ಲಿ ಮೊನೆಗೆ ತಕ್ಕ ತೂತು ಕೊರೆಯುವುದು. ಮೋಟಾರಿನಲ್ಲಿ ಮಾಡುವುದೂ ಇದನ್ನೇ.

ಹೇಳುವುದು ಸುಲಭ, ಸೂಕ್ಷ್ಮವಿರುವುದು ತೂತಿನ ನಡುವನ್ನು ಕಂಡುಹಿಡಿಯುವುದರಲ್ಲಿ. ಕಾಳಿನಾಕಾರದ ತೂತಿನ ನಡುವೆಯೇ ಕೊರೆದರೆ ಬುಶ್ಶು ತಪ್ಪು ಜಾಗಕ್ಕೆ ಬರುತ್ತದೆ. ಹೊಳೆಯುವ ಹೊಸ ತೂತು, ಹಳೆಯದೇ ರೋಗ. ಬಲ್ಲವನು ಮೊದಲು ಸವೆಯದೆ ಉಳಿದ ಅಂಚನ್ನು ನೋಡುತ್ತಾನೆ. ಕಾರಖಾನೆಯವರು ಇಟ್ಟ ನಡುವನ್ನು ಆ ಅಂಚೇ ಹೇಳುತ್ತದೆ. ಬಳಿಕ ಸವೆತಕ್ಕೆ ಎದುರಿನ ಮಗ್ಗುಲನ್ನು ಸಣ್ಣ ಅರದಿಂದ ಅಷ್ಟೇ ಉಜ್ಜಿ, ಎರಡು ಕಡೆಯೂ ಸಮವಾದ ಮೇಲೆ ಕೊರೆಯುತ್ತಾನೆ. ಮೊನೆಯಲ್ಲಿ ಗೀರುಗಳಿದ್ದರೆ ಅದನ್ನು ಮೊದಲು ನುಣುಪು ಮಾಡತಕ್ಕದ್ದು; ಒರಟು ಮೊನೆಯನ್ನು ಹೊಸ ಬುಶ್ಶಿನಲ್ಲಿ ಕೂರಿಸಿದರೆ ವರ್ಷದೊಳಗೆ ಮತ್ತೆ ಮೊದಲಿನ ಸ್ಥಿತಿ. ಮೊನೆ ಮುರಿದಿದ್ದರೂ ಅಚ್ಚನ್ನು ಎಸೆಯಬೇಕಾಗಿಲ್ಲ. ಅಚ್ಚಿನ ತುದಿಯಲ್ಲಿ ಕೊರೆದು ಉಕ್ಕಿನ ಹೊಸ ಮೊನೆ ನಾಟುತ್ತಾರೆ. ಆ ಮುದುಕ ಏಳು ಬುಶ್ಶು ಹಾಕಿದ, ಹತ್ತು ದಿನ ತೆಗೆದುಕೊಂಡ, ದಪ್ಪ ಸ್ಪ್ರಿಂಗನ್ನು ಕಿತ್ತು ತೆಳ್ಳನೆಯದನ್ನೇ ಮತ್ತೆ ಹಾಕಿದ. ಉಳಿಯ ಗುದ್ದಿನ ಗಾಯಗಳು ಮಾತ್ರ ಹಲಗೆಯ ಮೇಲೆ ಹಾಗೆಯೇ ಉಳಿದಿವೆ. ಗಡಿಯಾರ ಈಗ ಎಂಟು ದಿನವೂ ನಡೆಯುತ್ತದೆ, ತಾಯಿ ಎಣಿಸುತ್ತಾರೆ.

ಉಳಿದ ಸವೆತಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಟಿಕ್ಕೆಂದಾಗಲೆಲ್ಲ ಕೊನೆಯ ಚಕ್ರದ ಹಲ್ಲು ಬಂದು ತಾಗುವ ಲಂಗರಿನಾಕಾರದ ಉಕ್ಕಿನ ತುಂಡಿನಲ್ಲಿ ಕಾಲಕ್ರಮದಲ್ಲಿ ಗುಳಿ ಬೀಳುತ್ತದೆ. ಅದನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಹಲ್ಲು ಹೊಸ ಜಾಗದ ಮೇಲೆ ಬೀಳುತ್ತದೆ, ಇಲ್ಲವೆ ಗುಳಿಯನ್ನು ಸಾಣೆ ಹಿಡಿದು ತೆಗೆಯಬೇಕು. ಚಕ್ರದ ಹಲ್ಲಿಗೆ ಅರ ಹಚ್ಚಲು ಹೊರಟವನಿಂದ ಗಡಿಯಾರವನ್ನು ಕಸಿದುಕೊಂಡು ಬನ್ನಿ. ಅಮೆರಿಕನ್ ಗಡಿಯಾರಗಳಲ್ಲಿ ಹಕ್ಕಿಯ ಪಂಜರದಂತೆ ತಂತಿಗಳನ್ನು ಜೋಡಿಸಿದ ಪುಟ್ಟ ಚಕ್ರಗಳಿರುತ್ತವೆ. ಸವೆದ ತಂತಿಗಳನ್ನು ಹೊರತೆಗೆದು ಉಕ್ಕಿನ ಹೊಸ ತಂತಿ ಹಾಕಬಹುದು. ಲೋಲಕ ತೂಗುವ ತೆಳು ಪಟ್ಟಿ ಮಡಿಚಿಹೋಗಿದ್ದರೆ ಬದಲಾಯಿಸುವುದು ಅಲ್ಪ ಖರ್ಚಿನ ಕೆಲಸ. ಕೀಲಿ ಕೊಡುವಾಗ ಕಟಕಟವೆನ್ನುವ ತಡೆಗೊಕ್ಕೆಯ ರಿವೆಟ್ಟು ಸಡಿಲವಾದರೆ ಮಾತ್ರ ತಡಮಾಡಬೇಡಿ: ಕೀಲಿಕೈ ರಭಸದಿಂದ ಹಿಂದಕ್ಕೆ ತಿರುಗಿ ಬೆರಳು ಒಡೆಯುತ್ತದೆ. ಕೀಲಿ ಕೊಟ್ಟ ಗಡಿಯಾರದ ಹಲಗೆಯ ತಿರುಪುಗಳನ್ನು ಮಕ್ಕಳು ಬಿಚ್ಚಕೂಡದು, ದೊಡ್ಡವರೂ ಬಿಚ್ಚಕೂಡದು. ಸ್ಪ್ರಿಂಗಿನ ಬಲವನ್ನು ಮೊದಲು ಮೆಲ್ಲನೆ ಇಳಿಸುವುದು ಬಲ್ಲವರ ಕೆಲಸ.

ಬೇಸಿಗೆಯಲ್ಲಿ ನಿಧಾನವಾಗುವುದು ರೋಗವೇ ಅಲ್ಲ. ಉಕ್ಕಿನ ಕಡ್ಡಿಯ ಲೋಲಕ ಒಂದು ಡಿಗ್ರಿ ಬಿಸಿಯೇರಿದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಚಳಿಗಾಲಕ್ಕಿಂತ ಮನೆಯೊಳಗೆ ೨೦ ಡಿಗ್ರಿ ಹೆಚ್ಚಾದರೆ ವಾರಕ್ಕೆ ಒಂದು ನಿಮಿಷಕ್ಕೂ ಮೇಲೆ. ಲೋಲಕದ ಕೆಳಗಣ ತಿರುಪಿನಿಂದ ಬಿಲ್ಲೆಯನ್ನು ಒಂದಿಷ್ಟು ಮೇಲೇರಿಸಿದರೆ ಸರಿಹೋಯಿತು.

ಬ್ಯಾಟರಿ ಯಂತ್ರವನ್ನು ನಾವು ಹಳಿಯುವುದಿಲ್ಲ. ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಸ್ಫಟಿಕದ ತುಣುಕಿನ ಮುಂದೆ ಅಜ್ಜನ ಲೋಲಕ ಲೆಕ್ಕದಲ್ಲಿ ಸೋಲುತ್ತದೆ. ಅಡಿಗೆಮನೆಗೆ ಅಂಥದೊಂದನ್ನು ಕೊಂಡು ತನ್ನಿ. ಹಳೆಯದರ ಹೊಟ್ಟೆ ಬಗೆದು ಅದನ್ನು ತುಂಬುವುದು ಬೇರೆಯ ಮಾತು. ಮುಖದ ತೂತನ್ನು ಅಗಲಿಸುತ್ತಾರೆ, ಹಿಂಬದಿಯ ಮರ ಕೊಯ್ಯುತ್ತಾರೆ, ಹಿತ್ತಾಳೆಯ ಯಂತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಮತ್ತೆ ಮರಳಿ ಬರುವುದಿಲ್ಲ. ನಿಂತ ಗಡಿಯಾರವಾದರೋ ಸವೆಯುವುದಿಲ್ಲ. ಒಳ್ಳೆಯ ಕೈ ಸಿಗದಿದ್ದರೆ ಅದು ಹತ್ತು ವರ್ಷ ಗೋಡೆಯ ಮೇಲೆ ಸುಮ್ಮನೆ ನಿಂತಿರಲಿ. ಸವೆದ ತೂತುಗಳಲ್ಲಿ ಕುಂಟುತ್ತ ನಡೆಯುವುದಕ್ಕಿಂತ ಅದೇ ಮೇಲು.

ಒಳ್ಳೆಯ ಕೈಗಳು ಕಡಮೆಯಾಗುತ್ತಿವೆಯೆಂಬುದು ನಿಜ. ೧೯೬೧ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಎಚ್.ಎಂ.ಟಿ. ಕೈಗಡಿಯಾರಗಳು ಹೊರಡತೊಡಗಿದ ಮೇಲೆ ಊರೂರಿನ ರಿಪೇರಿಗಾರರಿಗೂ ದಶಕಗಳ ಕಾಲ ಅನ್ನ ಸಿಕ್ಕಿತು. ಆ ಕೈಗಡಿಯಾರ ಕಂಪೆನಿಯನ್ನು ಮುಚ್ಚಲು ಸರಕಾರ ೨೦೧೬ರಲ್ಲಿ ನಿಶ್ಚಯಿಸಿತು. ರಿಪೇರಿಗಾರರ ಮಕ್ಕಳು ಮೊಬೈಲು ಬಿಚ್ಚುತ್ತಾರೆ, ಅದರಲ್ಲಿ ಹಣವಿದೆ. ಬುಶ್ಶು ಹಾಕುವ ಕೂಲಿ ಬ್ಯಾಟರಿ ಯಂತ್ರದ ಬೆಲೆಯ ಹಲವು ಪಟ್ಟಾದೀತು. ಹತ್ತು ದಿನದ ಕೆಲಸಕ್ಕೆ ಚೌಕಾಶಿ ಮಾಡುವುದು ನಮಗೆ ಸರಿಕಾಣುವುದಿಲ್ಲ. ಆದರೆ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: "ತೂತುಗಳನ್ನು ಗುದ್ದುತ್ತೀರೋ, ಬುಶ್ ಹಾಕುತ್ತೀರೋ?" ಕೆಲಸವಾದ ಮೇಲೆ ಹಲಗೆಯನ್ನು ತೋರಿಸಲೂ ಹೇಳಿ.

ಯಾರ ಮನೆಯ ಅಟ್ಟದಲ್ಲಾದರೂ ಹಿಂದೆಂದೋ ಕಿತ್ತಿಟ್ಟ ಯಂತ್ರ, ಬಿಡಿ ಚಕ್ರ, ಲೋಲಕದ ಬಿಲ್ಲೆ, ಕೀಲಿಕೈ ಇದ್ದರೆ ಗುಜರಿಗೆ ಹಾಕದೆ ಸಂಘಕ್ಕೆ ತಿಳಿಸಬೇಕೆಂದು ಕೋರುತ್ತೇವೆ. ಒಂದು ಗಡಿಯಾರದ ಉಳಿಕೆ ಇನ್ನೊಂದಕ್ಕೆ ಒದಗುವುದುಂಟು. ಹಲಗೆಯ ಮೇಲೆ ಒತ್ತಿರುವ ಹೆಸರು ಮತ್ತು ಹಲಗೆಯ ಉದ್ದಗಲ, ಇಷ್ಟು ಬರೆದು ಕಳುಹಿಸಿದರೆ ಸಾಕು. ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.