ಸರ್ವರ್ ನಿಂತ ದಿನದ ಲೆಕ್ಕ ಯಾರು ಕೊಡಬೇಕು?

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಒಂದು ಖರೀದಿ ಪತ್ರ ನೋಂದಣಿ ಆಗಬೇಕಾದರೆ ಮಾರುವವರು, ಕೊಳ್ಳುವವರು, ಸಾಕ್ಷಿದಾರರು ಎಲ್ಲರೂ ಒಂದೇ ದಿನ ಕೂಡಬೇಕು. ಕಣಕುಂಬಿ, ಜಾಂಬೋಟಿ ಕಡೆಯವರು ಅದಕ್ಕಾಗಿ ಹೊಲದ ಕೆಲಸ ಬಿಟ್ಟು ಬೆಳಗಿನ ಬಸ್ಸು ಹಿಡಿಯಬೇಕು. ಅಂಥ ದಿನ ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಮಾತು ಕೇಳಿದರೆ ಐದಾರು ಮಂದಿಯ ದಗದ ಒಮ್ಮೆಗೇ ಕೆಡುತ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ಸ್ಥಗಿತಗೊಂಡಾಗ ರಾಜ್ಯದ ಉಪನೋಂದಣಿ ಕಚೇರಿಗಳಲ್ಲೆಲ್ಲ ಇದೇ ಕಥೆ. ಅದು ಸೈಬರ್ ದಾಳಿ ಎಂದು ಸರ್ಕಾರ ಹೇಳಿತು, ಪ್ರಕರಣವೂ ದಾಖಲಾಯಿತು. ದಾಳಿ ಮಾಡಿದವರನ್ನು ಪೊಲೀಸರು ಹುಡುಕಲಿ. ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಬಂದು ಬರಿಗೈಲಿ ಮರಳಿದವರಿಗೆ ಕೊಡಬೇಕಾದ ಉತ್ತರ ಬೇರೆಯೇ ಇದೆ.

ಜಾಲತಾಣಗಳಿಗೆ ಸರ್ವರ್ ಬಾಡಿಗೆ ಕೊಡುವ ವೆಬ್ ಹೋಸ್ಟಿಂಗ್ ವ್ಯಾಪಾರದಲ್ಲಿ ಇಂಥ ಉತ್ತರಕ್ಕೆ ಒಂದು ರೂಢಿಯ ಹೆಸರಿದೆ: ಅಪ್‌ಟೈಮ್ ಗ್ಯಾರಂಟಿ. ಶೇ 99.9ರಷ್ಟು ಸಮಯ ನಿಮ್ಮ ಜಾಲತಾಣ ತೆರೆದೇ ಇರುತ್ತದೆ ಎಂಬ ಭರವಸೆ. 30 ದಿನಗಳ ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 43 ನಿಮಿಷ ಮಾತ್ರ ನಿಲುಗಡೆ. ಶೇ 99 ಎಂದರೆ ಎಷ್ಟು? ಕೇಳಲು ಇದೂ ದೊಡ್ಡ ಅಂಕಿಯೇ. ಆದರೆ ಅದರಲ್ಲಿ ತಿಂಗಳಿಗೆ 7 ಗಂಟೆ 12 ನಿಮಿಷ ಬಂದ್ ಇರಲು ಅವಕಾಶವಿದೆ. ಬೆಳಿಗ್ಗೆ 10ರಿಂದ ಸಂಜೆ 5.30ರವರೆಗಿನ ಸರ್ಕಾರಿ ಕಚೇರಿಗೆ ಅದು ಹೆಚ್ಚುಕಡಿಮೆ ಪೂರ್ತಿ ಒಂದು ದಿನ. ಆ ದಿನ ಒಂದು ಪತ್ರವೂ ನೋಂದಣಿಯಾಗದಿದ್ದರೂ ಮಾತು ಉಳಿಸಿಕೊಂಡೆವೆಂದು ಕಂಪನಿ ಹೇಳಬಹುದು. ರಾತ್ರಿ ಎರಡು ಗಂಟೆಗೆ ಸರ್ವರ್ ಓಡುತ್ತಿದ್ದರೆ ಖಾನಾಪುರದ ರೈತನಿಗೆ ಏನು ಬಂತು? ಗ್ಯಾರಂಟಿಯನ್ನು ಕಚೇರಿಯ ವೇಳೆಯ ಮೇಲೆ ಅಳೆಯಬೇಕು.

ಅಳೆಯುವ ಜಾಗವೂ ಅಷ್ಟೇ ಮುಖ್ಯ. ಬೆಂಗಳೂರಿನ ಡೇಟಾ ಕೇಂದ್ರದಲ್ಲಿ ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದೆ, ಖಾನಾಪುರ ತಾಲ್ಲೂಕಿನ ಗ್ರಾಮ ಒನ್ ಕೇಂದ್ರದ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಓಟಿಪಿ ಬರುವುದಿಲ್ಲ. ಹೋಸ್ಟಿಂಗ್ ಕಂಪನಿ, ವಿದ್ಯುತ್ ಪೂರೈಸುವ ಹೆಸ್ಕಾಂ, ಮೊಬೈಲ್ ಕಂಪನಿ ಮೂವರೂ ‘ನಮ್ಮ ಕಡೆ ಸರಿ ಇದೆ’ ಎನ್ನುತ್ತಾರೆ. ಕೌಂಟರಿನ ಮುಂದೆ ನಿಂತವನಿಗೆ ಇವೆಲ್ಲ ಸೇರಿ ಒಂದೇ ಸೇವೆ. ಆದ್ದರಿಂದ ತಾಲ್ಲೂಕಿನ ಕೌಂಟರಿನಲ್ಲಿ ಅರ್ಜಿ ಒಳಹೋಯಿತೇ ಇಲ್ಲವೇ ಎಂಬುದೇ ಅಳತೆಗೋಲಾಗಲಿ.

ಕರ್ನಾಟಕಕ್ಕೆ ಈ ವಿಚಾರ ಹೊಸದೇನಲ್ಲ. 2011ರಲ್ಲಿ ಕಾನೂನಾಗಿ, 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಗಡುವಿನೊಳಗೆ ಸೇವೆ ಕೊಡುತ್ತೇವೆಂದು ಸರ್ಕಾರವೇ ಜನರಿಗೆ ಕೊಟ್ಟ ಗ್ಯಾರಂಟಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದಾದರೂ ತಪ್ಪು ಮಾಡಿದ ಅಧಿಕಾರಿಯೇ ತೆರಬೇಕೆಂಬ ನಿಯಮದಲ್ಲಿ ದೊಡ್ಡ ತತ್ವವಿತ್ತು. ಆದರೆ ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ದಾಖಲಾಗಿ ಸ್ವೀಕೃತಿ ಸಂಖ್ಯೆ ಕೈಗೆ ಬಂದ ಮೇಲೆ. ಸರ್ವರ್ ನಿಂತಿದ್ದರೆ ಅರ್ಜಿಯೇ ಒಳಹೋಗುವುದಿಲ್ಲ. ಸಂಖ್ಯೆಯೂ ಇಲ್ಲ, ವಿಳಂಬವೂ ಇಲ್ಲ, ಹೊಣೆಗಾರರೂ ಇಲ್ಲ. ಕಾಗದದ ಕಾಲದಲ್ಲಿ ಅರ್ಜಿ ತೆಗೆದುಕೊಳ್ಳದ ಗುಮಾಸ್ತನ ಮೇಲೆ ತಹಶೀಲ್ದಾರರಿಗೆ ದೂರು ಕೊಡಬಹುದಿತ್ತು. ಸರ್ವರ್ ಮೇಲೆ ಯಾರಿಗೆ ದೂರು ಕೊಡುವುದು? 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನೋಂದಣಿ ಶುರುವಾದಾಗ ಸರ್ಕಾರದ ಸೇವಾಸಿಂಧು ಜಾಲತಾಣ ಪದೇ ಪದೇ ಕೈಕೊಟ್ಟು ಸಾಲಿನಲ್ಲಿ ನಿಂತವರು ಹಾಗೇ ಮರಳಿದ್ದಕ್ಕೂ ಸಕಾಲದಲ್ಲಿ ಲೆಕ್ಕವಿಲ್ಲ.

ಖಾಸಗಿ ವಲಯದ ಗ್ಯಾರಂಟಿಯೂ ಪೂರ್ತಿ ನೆಚ್ಚುವಂಥದ್ದಲ್ಲ. ಅಮೆಜಾನ್‌ನಂಥ ಕಂಪನಿ ತನ್ನ ಮುಖ್ಯ ಕ್ಲೌಡ್ ಸೇವೆಗೆ ಶೇ 99.99ರ ಭರವಸೆ ಕೊಡುತ್ತದೆ. ತಪ್ಪಿದರೆ ಬಿಲ್ಲಿನ ಶೇ 10ರಿಂದ, ತೀರಾ ಕೆಟ್ಟಾಗ ಶೇ 100ರವರೆಗೆ ಜಮಾ ಮಾಡುತ್ತದೆ. ಅದನ್ನೂ ಗ್ರಾಹಕನೇ ಲೆಕ್ಕ ಇಟ್ಟು, ಗಡುವಿನೊಳಗೆ ಕೇಳಿ ಪಡೆಯಬೇಕು. ವರ್ಷಕ್ಕೆ ಮೂರು ಸಾವಿರ ಕೊಟ್ಟು ಜಾಲತಾಣ ಇಟ್ಟುಕೊಂಡ ಬೆಳಗಾವಿಯ ಶಹಾಪುರದ ಸೀರೆ ವ್ಯಾಪಾರಿಗೆ ಒಂದು ತಿಂಗಳ ಹಣ ಪೂರ್ತಿ ವಾಪಸಾದರೂ ಸಿಗುವುದು 250 ರೂಪಾಯಿ. ದೀಪಾವಳಿಯ ವಾರ ಅಂಗಡಿಯ ತಾಣ ನಿಂತರೆ ಅದು ಯಾವ ಮೂಲೆಗೆ?

ಹಾಗೆಂದು ಬೆಳಗಾವಿಯ ಚಿಕ್ಕ ಹೋಸ್ಟಿಂಗ್ ಮಾರಾಟಗಾರರ ತಲೆಯ ಮೇಲೆ ಎಲ್ಲ ನಷ್ಟವನ್ನೂ ಹೊರಿಸುವುದು ನ್ಯಾಯವಲ್ಲ. ಅವರೂ ದೊಡ್ಡ ಕಂಪನಿಯ ಸರ್ವರಿನ ಪಾಲನ್ನು ಬಾಡಿಗೆಗೆ ಪಡೆದು ಮಾರುವವರು. ಶೇ 100 ಎಂದು ಬೋರ್ಡು ಹಾಕುವವರನ್ನು ನಾನಂತೂ ನಂಬುವುದಿಲ್ಲ. ಕೈಲಾದ ಮಾತನ್ನು ಬರವಣಿಗೆಯಲ್ಲಿ ಕೊಟ್ಟರೆ ಸಾಕು: ದಿನವೂ ಬ್ಯಾಕಪ್ ಇರುತ್ತದೆ, ನಿಂತರೆ ಇಷ್ಟು ಗಂಟೆಯೊಳಗೆ ಎತ್ತುತ್ತೇವೆ, ದುರಸ್ತಿ ಇದ್ದರೆ ಮುಂಚೆಯೇ ತಿಳಿಸುತ್ತೇವೆ, ಫೋನ್ ಎತ್ತುತ್ತೇವೆ.

ಕೇಳದೆಯೇ ಪರಿಹಾರ ಕೊಡುವುದು ಅಸಾಧ್ಯವೇನಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮಗಳ ಪ್ರಕಾರ ಜಿಲ್ಲೆಯೊಂದರಲ್ಲಿ ಮೊಬೈಲ್ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರ ಬಾಡಿಗೆ ಕಡಿತವಾಗಬೇಕು, ಪ್ರಿಪೇಯ್ಡ್ ಗ್ರಾಹಕರ ಅವಧಿ ವಿಸ್ತರಣೆಯಾಗಬೇಕು. ಸರ್ಕಾರಿ ತಂತ್ರಾಂಶಗಳಿಗೂ ಇದೇ ಬಗೆ ಒಪ್ಪುತ್ತದೆ. ಸರ್ವರ್ ನಿಂತ ದಿನಗಳಷ್ಟು ಅರ್ಜಿಯ ಕೊನೆಯ ದಿನಾಂಕ ತಾನಾಗಿ ಮುಂದೆ ಹೋಗಲಿ. ನಿಂತ ವೇಳೆ, ಎದ್ದ ವೇಳೆ, ಕಾರಣ ಇವು ಕಚೇರಿಯ ಫಲಕದಲ್ಲಿ ಅದೇ ದಿನ ಕಾಣಲಿ. ಒಳಹೋಗದ ಅರ್ಜಿಗೂ ಒಂದು ಚೀಟಿ, ಒಂದು ಸಂಖ್ಯೆ ಸಿಗಲಿ, ಸಕಾಲದ ಗಡಿಯಾರ ಆ ಗಳಿಗೆಯಿಂದಲೇ ಓಡಲಿ. ತಂತ್ರಾಂಶ ನಡೆಸುವ ಗುತ್ತಿಗೆದಾರರ ಬಿಲ್ಲಿನಿಂದ ದಂಡ ಮುರಿದುಕೊಳ್ಳಲಿ. ಕೌಂಟರಿನಲ್ಲಿ ಕೂತ ಆಪರೇಟರನ್ನು ಅದಕ್ಕೆ ಹೊಣೆ ಮಾಡಬೇಡಿ.

ಸಾಮಾನ್ಯವಾಗಿ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರುತ್ತದೆ. ಖಾನಾಪುರ, ಬೆಳಗಾವಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಲಿ: ಕಳೆದ ವರ್ಷ ನಮ್ಮ ತಾಲ್ಲೂಕಿನ ಕಚೇರಿಗಳಲ್ಲಿ ಕೆಲಸದ ವೇಳೆಯಲ್ಲಿ ಸರ್ವರ್ ಒಟ್ಟು ಎಷ್ಟು ಗಂಟೆ ನಿಂತಿತ್ತು, ಅದಕ್ಕೆ ಯಾರಿಂದ ಎಷ್ಟು ದಂಡ ವಸೂಲಾಯಿತು?