ಹಾರ್ನ್ ಹೇಳಿದ್ದು ನಮಗೆ ಕೇಳಿಸಲಿಲ್ಲ

ಅಪ್ಪನ 1970ರ ಬೀಟಲ್ ಕಾರಿನ ಹಾರ್ನ್ ಹೋದ ವರ್ಷ ಇದ್ದಕ್ಕಿದ್ದಂತೆ ನಿಂತುಹೋಯಿತು. ಎಲೆಕ್ಟ್ರಿಷಿಯನ್ ಹತ್ತು ನಿಮಿಷ ನೋಡಿ, ಡ್ಯಾಶ್‌ಬೋರ್ಡ್ ಕೆಳಗೆ ಬೇರೆ ಸ್ವಿಚ್ ಕೂರಿಸಿ, ನೇರ ವೈರ್ ಎಳೆದುಕೊಟ್ಟ. ಪೇಂ ಅಂತು. ದುಡ್ಡು ಕೊಟ್ಟು ಖುಷಿಯಾಗಿ ಮನೆಗೆ ಬಂದೆವು. ಕಾರು ಏನೋ ಹೇಳೋಕೆ ಬಂದಿತ್ತು, ನಾವು ಅದರ ಬಾಯಿ ಮುಚ್ಚಿಸಿದ್ದೆವು ಅಂತ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಒಂದು ಭಾನುವಾರ ಮೈಸೂರಿನ ರಿಂಗ್ ರೋಡಿನಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು. ಪಕ್ಕದಲ್ಲಿ ಲಾರಿ ಹಾದುಹೋದಾಗ ಕಾರು ಸ್ವಲ್ಪ ವಾಲಿತು. ಸ್ಟೀರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಇನ್ನೊಂದಿಷ್ಟು ತಿರುಗಿಸಿದ ಮೇಲೆ ಒಮ್ಮೆಲೇ ಎಳೆದುಕೊಂಡಿತು. ಅರ್ಧ ಸೆಕೆಂಡಿನ ಮಾತು, ಅಷ್ಟೆ. ಮಗಳು ಹಾಡು ಹೇಳುತ್ತಲೇ ಇದ್ದಳು. ನನ್ನ ಅಂಗೈ ಮಾತ್ರ ಒದ್ದೆಯಾಗಿತ್ತು.

ಮೊದಲು ಹೋದ ಗ್ಯಾರೇಜಿನಲ್ಲಿ ‘ಪ್ಲೇ ಜಾಸ್ತಿ ಆಗಿದೆ ಸರ್’ ಅಂತ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿದರು. ಸ್ಟೀರಿಂಗ್ ಗಟ್ಟಿಯಾಯಿತು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದನ್ನೂ ಬಿಟ್ಟಿತು. ಪ್ಲೇ ಮಾತ್ರ ಹಾಗೇ ಇತ್ತು.

ಕೊನೆಗೆ ಅಪ್ಪನ ಕಾಲದ ಮೇಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: ‘ಹಾರ್ನ್ ಸ್ಟೀರಿಂಗಿಂದಲೇ ಹೊಡೆಯುತ್ತಾ?’

ಇಲ್ಲ ಅಂದೆ. ಅವರು ತಲೆ ಆಡಿಸಿದರು.

ಬೀಟಲ್‌ಗೆ ಎಂಜಿನ್ ಹಿಂದೆ, ಪೆಟ್ರೋಲ್ ಟ್ಯಾಂಕ್ ಮುಂದೆ. ಸ್ಟೀರಿಂಗ್ ಕಾಲಂ ಬಂದು ಸ್ಟೀರಿಂಗ್ ಬಾಕ್ಸಿಗೆ ಸೇರುವ ಜಾಗ ಆ ಟ್ಯಾಂಕಿನ ಕೆಳಗಿದೆ. ಎರಡನ್ನೂ ಸೇರಿಸುವುದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ ರಬ್ಬರ್ ಬಿಲ್ಲೆ, ಒಳಗೆ ಬಟ್ಟೆಯ ಪದರ. ಎರಡು ಬೋಲ್ಟ್ ಮೇಲಿನ ಕಾಲಂಗೆ, ಎರಡು ಬೋಲ್ಟ್ ಕೆಳಗಿನ ಬಾಕ್ಸಿಗೆ. ರಸ್ತೆಯ ನಡುಕ ಕೈಗೆ ಬರದ ಹಾಗೆ ತಡೆಯುವುದೂ ಇದೇ ಕಪ್ಲಿಂಗ್. ಆದರೆ ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಹಾರ್ನಿನ ಅರ್ಥ್ ದಾಟಲಿ ಅಂತ ಬಿಲ್ಲೆಯ ಆ ಕಡೆಯಿಂದ ಈ ಕಡೆಗೆ ಒಂದು ಪುಟ್ಟ ವೈರ್ ಇರುತ್ತದೆ.

ಬ್ಯಾಟರಿ ಕಳಚಿ (ಅದು ಹಿಂದಿನ ಸೀಟಿನಡಿ ಇರುತ್ತದೆ), ಪೆಟ್ರೋಲ್ ಖಾಲಿ ಮಾಡಿ, ನಾಲ್ಕು ಬೋಲ್ಟ್ ಬಿಚ್ಚಿ ಟ್ಯಾಂಕ್ ಎತ್ತಿದರು. ಚಕ್ರ ನೆಲದ ಮೇಲೇ ಇತ್ತು. ನಾನು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿದೆ, ಅಪ್ಪ ಟಾರ್ಚ್ ಹಿಡಿದು ಬಗ್ಗಿ ನೋಡಿದರು. ಮೇಲಿನ ತುಂಡು ತಿರುಗುತ್ತಿತ್ತು, ಕೆಳಗಿನದು ನಿಂತಲ್ಲೇ ಇತ್ತು. ನಡುವೆ ರಬ್ಬರ್ ತಿರುಚಿಕೊಳ್ಳುತ್ತಿತ್ತು. ಬೋಲ್ಟ್ ತೂತಿನ ಸುತ್ತ ಬಿರುಕು. ಪುಟ್ಟ ವೈರ್ ತುಂಡಾಗಿ ನೇತಾಡುತ್ತಿತ್ತು.

‘ರಬ್ಬರ್ ಸಡಿಲ ಆಗಿ ವೈರ್ ಹರಿದಿದೆ. ಅವತ್ತೇ ನೋಡಿದ್ರೆ ಅವತ್ತೇ ಸಿಗ್ತಿತ್ತು’ ಅಂದರು ಮೇಸ್ತ್ರಿ.

ಅಪ್ಪನಿಗೆ ಒರಿಜಿನಲ್ ಭಾಗ ತೆಗೆಯುವುದೆಂದರೆ ಸಂಕಟ. ‘ಇದು ಓಡಿರೋದೇ ಕಮ್ಮಿ ಕಣಯ್ಯ, ಶೆಡ್ಡಲ್ಲೇ ಇತ್ತಲ್ಲ’ ಅಂತ ಮೇಸ್ತ್ರಿಗೆ ಹೇಳಿನೋಡಿದರು. ‘ಸ್ವಾಮಿ, ರಬ್ಬರ್ ಕಿಲೋಮೀಟರ್ ಲೆಕ್ಕ ಇಡಲ್ಲ, ವರ್ಷ ಲೆಕ್ಕ ಇಡುತ್ತೆ’ ಅಂದರು ಅವರು. ಅಪ್ಪ ಮತ್ತೆ ಮಾತಾಡಲಿಲ್ಲ.

ಹೊಸ ಕಪ್ಲಿಂಗ್ ತರಿಸಿದೆ. ಯುರೇಥೇನಿನದೂ ಸಿಗುತ್ತದೆ, ಆದರೆ ಅದು ಗಟ್ಟಿ, ರಸ್ತೆಯ ನಡುಕ ಕೈಗೆ ಹೆಚ್ಚು ಬರುತ್ತದೆ. ಹಾಗಾಗಿ ರಬ್ಬರಿನದೇ ಆರಿಸಿದೆ. ಚಕ್ರ, ಸ್ಟೀರಿಂಗ್ ಎರಡನ್ನೂ ನೇರ ಇಟ್ಟು, ಬಿಚ್ಚುವ ಮೊದಲೇ ಎರಡೂ ತುಂಡಿಗೆ ಪೇಂಟ್ ಗುರುತು ಹಾಕಿದರು. ಹಳೇ ನಟ್, ಲಾಕ್ ಪ್ಲೇಟ್ ಬಿಸಾಡಿ ಹೊಸದು ಹಾಕಿದರು. ಅರ್ಥ್ ವೈರ್ ಕಟ್ಟಿದರು. ಬಾಕ್ಸಿನ ಸ್ಕ್ರೂ ಸರಿಯಾದ ಜಾಗಕ್ಕೆ ತಂದರು. ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿದ ಮೇಲೆ ಖಾಲಿ ಮೈದಾನದಲ್ಲಿ ಒಂದು ಸುತ್ತು. ವಾರದ ನಂತರ ಮತ್ತೆ ಕರೆಸಿ ನಾಲ್ಕೂ ಬೋಲ್ಟಿನ ಬಿಗಿ ಪರೀಕ್ಷಿಸಿದರು.

ಕೆಲಸ ಮುಗಿದ ಸಂಜೆ ಸ್ಟೀರಿಂಗ್ ಮಧ್ಯದ ಬಟನ್ ಒತ್ತಿದೆ. ಪೇಂ! ಡ್ಯಾಶ್‌ಬೋರ್ಡ್ ಕೆಳಗಿನ ಸ್ವಿಚ್ಚನ್ನು ಅಪ್ಪನೇ ಕಿತ್ತು ಹಾಕಿದರು.

ನಾನು ಸಾಫ್ಟ್‌ವೇರ್ ಕೆಲಸದವನು. ಎರರ್ ಬಂದಾಗ ಕಾರಣ ಹುಡುಕದೆ ಎರರ್ ಮೆಸೇಜನ್ನೇ ಅಳಿಸುವವರನ್ನು ಆಫೀಸಿನಲ್ಲಿ ಬೈಯುತ್ತೇನೆ. ನನ್ನ ಮಗಳನ್ನು ಕೂರಿಸಿಕೊಂಡು ಓಡಿಸುವ ಕಾರಿನಲ್ಲಿ ನಾನೇ ಅದನ್ನು ಮಾಡಿಸಿ, ಮೇಲೆ ದುಡ್ಡೂ ಕೊಟ್ಟಿದ್ದೆ.

ನಿಮ್ಮ ಮನೆಯಲ್ಲೂ ಅಜ್ಜನದೋ ಅಪ್ಪನದೋ ಹಳೇ ಕಾರು ಇದ್ದರೆ, ಪಾಲಿಶ್ ಮಾಡಿಸುವ ಮೊದಲು ಒಮ್ಮೆ ಅದರ ರಬ್ಬರುಗಳನ್ನೆಲ್ಲ ನೋಡಿಸಿ. ಇಬ್ಬರು ಜನ, ಒಂದು ಟಾರ್ಚ್ ಸಾಕು. ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಬಗ್ಗಿ ನೋಡಲಿ.