ನಮಗೆ ಬೇಕಿರುವುದು ಕಾವಲಿರುವ ನೀರು

ನಮ್ಮಮ್ಮನಿಗೆ ಈಗ ಐವತ್ತೆರಡು ವರ್ಷ. ಹುಟ್ಟಿದ್ದು ಕಂಪ್ಲಿಯಲ್ಲಿ, ಮದುವೆಯಾಗಿ ಬಂದಿದ್ದು ಹೊಸಪೇಟೆಗೆ. ಎರಡೂ ಕಡೆ ಮನೆಯಿಂದ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ತುಂಗಭದ್ರೆಯ ನೀರು ಕಾಣುತ್ತದೆ. ಬಟ್ಟೆ ಒಗೆಯಲು, ಗಂಗೆಪೂಜೆ ಮಾಡಲು, ಸಂಕ್ರಾಂತಿಯ ದಿನ ಮುಳುಗು ಹಾಕಲು ಅವರು ಹೊಳೆಗೆ ಇಳಿದದ್ದುಂಟು. ಆದರೆ ಯಾವ ಕೆಲಸವೂ ಇಲ್ಲದೆ, ಬರೀ ಖುಷಿಗಾಗಿ ನೀರಿನಲ್ಲಿ ಕುಳಿತದ್ದು ಮಾತ್ರ ಇದೇ ಜನವರಿಯಲ್ಲಿ. ಅದೂ ಮುನ್ನೂರು ಕಿಲೊಮೀಟರಿಗೂ ಹೆಚ್ಚು ದೂರದ ಹೊನ್ನಾವರ ತಾಲ್ಲೂಕಿನ ಕಾಸರಕೋಡಿನ ಕಡಲಲ್ಲಿ.

ನಾವು ಹೋಗಿದ್ದು ಬೀಚ್ ನೋಡಲಿಕ್ಕಲ್ಲ. ಅಣ್ಣನಿಗೆ ಕೆಲಸ ಸಿಕ್ಕರೆ ಇಡಗುಂಜಿ ಗಣಪನಿಗೆ ಬರುತ್ತೇವೆಂದು ಅಪ್ಪ ಹರಕೆ ಹೊತ್ತಿದ್ದರು. ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಅವನಿಗೆ ಕೆಲಸವಾಯಿತು. ರಾತ್ರಿ ಹುಬ್ಬಳ್ಳಿ ದಾಟಿ, ಯಲ್ಲಾಪುರದ ಘಟ್ಟ ಇಳಿದು, ಅಂಕೋಲಾ, ಕುಮಟಾ ಮೇಲೆ ಬೆಳಿಗ್ಗೆ ಹೊನ್ನಾವರ ತಲುಪಿದೆವು. ದರ್ಶನ ಮುಗಿಸಿ ವಾಪಸು ಬರುವಾಗ ಆಟೊದವರೇ, ‘ಮಕ್ಕಳು, ಹೆಂಗಸರು ಇದ್ದೀರಿ, ಕಂಡಕಂಡಲ್ಲಿ ಇಳಿಯಬೇಡಿ, ಇಕೋ ಬೀಚಿಗೆ ಬಿಡ್ತೇನೆ’ ಎಂದು ಕಾಸರಕೋಡಿಗೆ ಕರೆತಂದರು.

ಅಮ್ಮ ದಂಡೆಯಲ್ಲೇ ನಿಂತುಬಿಟ್ಟರು. ನೀರು ಕಂಡರೆ ಅವರು ಹಿಂದೆ ಸರಿಯಲು ಕಾರಣವಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಸೋದರಮಾವನ ಮಗ ಊರ ಹೊರಗಿನ ಕಾಲುವೆಯಲ್ಲಿ ತೀರಿಕೊಂಡ. ಹದಿನಾರು ವರ್ಷದ ಹುಡುಗ, ಎಮ್ಮೆ ಮೈ ತೊಳೆಯಲು ಹೋಗಿದ್ದ. ಕಾಲುವೆ ಆ ದಿನ ಕನ್ನಡಿಯಂತೆ ಸಪಾಟಾಗಿತ್ತಂತೆ. ಇಳಿಜಾರಿನ ಪಾಚಿಯ ಮೇಲೆ ಕಾಲು ಜಾರಿತು. ದಂಡೆಯ ಮೇಲೆ ನಾಲ್ಕೈದು ಜನರಿದ್ದರು, ಕೂಗಾಡಿದರು, ಓಡಿದರು. ಎಸೆಯಲು ಒಂದು ಹಗ್ಗವಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಕಾನೂನು: ‘ನೀರಿನ ತಂಟೆಗೆ ಹೋಗಬ್ಯಾಡ್ರಿ.’

ಕಾಸರಕೋಡಿನಲ್ಲಿ ಆ ಕಾನೂನು ಹೇಗೆ ಸಡಿಲಾಯಿತು ಎಂಬುದನ್ನು ನಾನು ಹತ್ತಿರದಿಂದ ನೋಡಿದೆ. ಈಜಬಹುದಾದ ಜಾಗಕ್ಕೆ ಅಲ್ಲಿ ಗುರುತಿತ್ತು. ಎತ್ತರದ ಕಾವಲು ಗೋಪುರದಲ್ಲಿ ಒಬ್ಬ, ನೀರಿನಂಚಿನಲ್ಲಿ ಸೀಟಿ ಹಿಡಿದು ಇನ್ನೊಬ್ಬ ಲೈಫ್‌ಗಾರ್ಡ್ ಇದ್ದರು. ಹೆಂಗಸರು ಬಟ್ಟೆ ಬದಲಿಸಲು ಕೋಣೆ, ಉಪ್ಪುನೀರು ತೊಳೆದುಕೊಳ್ಳಲು ಶವರ್, ಬಳಸಬಹುದಾದಂಥ ಶೌಚಾಲಯ ಇದ್ದವು. ಅಮ್ಮ ಇದನ್ನೆಲ್ಲ ಒಂದೊಂದಾಗಿ ನೋಡಿದರು. ಬೇರೆ ಊರಿನ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಮೊಣಕಾಲು ನೀರಿನಲ್ಲಿ ಕುಳಿತಿದ್ದನ್ನೂ ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ, ನನ್ನ ತೋಳು ಬಿಗಿಯಾಗಿ ಹಿಡಿದು ಇಳಿದರು. ಅರ್ಧ ತಾಸು ಕಳೆದ ಮೇಲೆ ಸೊಂಟದ ತನಕ ನೀರಿನಲ್ಲಿ ಕುಳಿತು ಅವರು ಹೇಳಿದ ಮಾತು ಇದು: ‘ಹೊಳಿ ದಂಡ್ಯಾಗ ಹುಟ್ಟಿ ಹೊಳಿ ದಂಡ್ಯಾಗ ಬೆಳದೀನಿ, ಒಂದ್ ದಿನಾನೂ ಹಿಂಗ ಕುಂತಿಲ್ಲ ನೋಡು.’

ಆ ಮಾತಿಗೆ ಎಲ್ಲರೂ ನಕ್ಕೆವು. ಊರಿಗೆ ಬಂದ ಮೇಲೆ ನನಗೆ ನಗು ಬರಲಿಲ್ಲ.

ಕಾಸರಕೋಡಿನ ಕಡಲು ಹುಟ್ಟಿನಿಂದಲೇ ಸಾಧು ಎಂದು ಯಾರೂ ತಿಳಿಯಬೇಕಿಲ್ಲ. ಅದೂ ಅರಬ್ಬಿ ಸಮುದ್ರವೇ. 2024ರ ಡಿಸೆಂಬರ್‌ನಲ್ಲಿ ಅದೇ ಕರಾವಳಿಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯಿಂದ ಹೋದ ಮಕ್ಕಳು, ನಮ್ಮ ಹಾಗೆಯೇ. ಕಾಸರಕೋಡಿನ ಲೈಫ್‌ಗಾರ್ಡ್ ಹುಡುಗನೊಬ್ಬ ಮೀನುಗಾರರ ಮನೆಯವನು. ಅವನು ಹೇಳಿದ ಸಂಗತಿಯನ್ನು ಘಟ್ಟದ ಮೇಲಿನವರೆಲ್ಲ ಕೇಳಬೇಕು: ‘ಅಲೆ ಎದ್ದು ಬೀಳುವ ಕಡೆ ಜನ ಹೆದರ್ತಾರೆ. ನಡುವೆ ಅಲೆಯೇ ಇಲ್ಲದೆ ಸಪಾಟಾಗಿ ಕಾಣುವ ಜಾಗ ಇರ್ತದೆ, ಶಾಂತ ಇದೆ ಅಂತ ಅಲ್ಲಿ ಇಳೀತಾರೆ. ಸೆಳೆತ ಇರುವುದೇ ಅಲ್ಲಿ.’ ದಡಕ್ಕೆ ಬಂದ ನೀರು ಮತ್ತೆ ಕಡಲಿಗೆ ಮರಳುವ ದಾರಿ ಅದಂತೆ. ಅದಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು. ಈಜು ಬಲ್ಲವರಾದರೆ ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು.

ಹಾಗಾದರೆ ಕಾಸರಕೋಡು ಮನೆಮಂದಿಯೆಲ್ಲ ಇಳಿಯುವ ಜಾಗವಾದದ್ದು ಅಲ್ಲಿನ ವ್ಯವಸ್ಥೆಯಿಂದ. 2020ರ ಅಕ್ಟೋಬರ್‌ನಲ್ಲಿ ದೇಶದ 8 ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಕರ್ನಾಟಕದಿಂದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಅದರಲ್ಲಿದ್ದವು. 1980ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಈ ಮಾನ್ಯತೆಯನ್ನು ಈಗ ಡೆನ್ಮಾರ್ಕ್‌ನ ಸಂಸ್ಥೆಯೊಂದು ಕೊಡುತ್ತದೆ. ನೀರಿನ ಶುದ್ಧತೆ, ಸ್ವಚ್ಛತೆ, ಜೀವರಕ್ಷಕರು, ಅಂಗವಿಕಲರಿಗೆ ಅನುಕೂಲ ಹೀಗೆ 33 ಮಾನದಂಡಗಳಿವೆ. ಒಮ್ಮೆ ಬಾವುಟ ಹಾರಿಸಿದರೆ ಮುಗಿಯಲಿಲ್ಲ, ವರ್ಷ ವರ್ಷ ಮಾನ್ಯತೆ ನವೀಕರಣವಾಗಬೇಕು. ಯಾರೋ ಕೂತು ಯೋಚಿಸಿದ್ದಾರೆ, ದುಡ್ಡು ಹಾಕಿದ್ದಾರೆ, ಆಳು ನೇಮಿಸಿದ್ದಾರೆ. ನಮ್ಮಮ್ಮ ನೀರಿಗೆ ಇಳಿದದ್ದು ಆ ನಂಬಿಕೆಯ ಮೇಲೆ.

ಈಗ ನಮ್ಮ ಕಡೆಗೆ ಬರೋಣ. ಹೊಸಪೇಟೆಯ ಪಕ್ಕದಲ್ಲಿ 33 ಕ್ರಸ್ಟ್ ಗೇಟುಗಳ ತುಂಗಭದ್ರಾ ಜಲಾಶಯವಿದೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿವೆ. ಹಂಪಿಯ ಅವಶೇಷಗಳ ನಡುವೆಯೇ ತುರ್ತು ಕಾಲುವೆ ಹರಿಯುತ್ತದೆ. ಸಂಡೂರಿನಲ್ಲಿ ನಾರಿಹಳ್ಳವಿದೆ. ಕಂಪ್ಲಿಯ ಸೇತುವೆಯಂತೂ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿ, ಗಂಗಾವತಿ ಕಡೆಯ ದಾರಿಯೇ ಬಂದಾಗುತ್ತದೆ. ಇಷ್ಟು ನೀರಿನ ನಡುವೆ ಹುಟ್ಟಿದ ನಾವು ನೀರಿನ ಬಗ್ಗೆ ಕಲಿತ ಪಾಠ ಒಂದೇ: ಹೆದರು. ಗಂಡುಹುಡುಗರು ಆ ಪಾಠವನ್ನು ಕದ್ದುಮುಚ್ಚಿ ಮುರಿಯುತ್ತಾರೆ. ಬಾವಿಯಲ್ಲಿ, ಕಾಲುವೆಯಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ಈಜು ಕಲಿಯುತ್ತಾರೆ, ಕಲಿಯುವ ಮೊದಲೇ ಕೆಲವರು ಹೋಗಿಬಿಡುತ್ತಾರೆ. ಹೆಣ್ಣುಮಕ್ಕಳಿಗೆ ಅಷ್ಟೂ ಇಲ್ಲ. ನನ್ನ ಡಿಗ್ರಿ ತರಗತಿಯ ಗೆಳತಿಯರಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ. ಆದರೆ ಕಾಲುವೆಯ ಅಂಚಿಗೆ ಬಟ್ಟೆ ಒಗೆಯಲು ದಿನಾ ಹೋಗುವವರು ಅವರ ಅಮ್ಮಂದಿರೇ, ಅಕ್ಕಂದಿರೇ.

ಹಾಗಂತ ತುಂಗಭದ್ರೆಯ ದಂಡೆಯಲ್ಲೂ ಒಂದು ಬೀಚ್ ಮಾಡಿ ಎಂದು ನಾನು ಕೇಳುವುದಿಲ್ಲ. ನಮ್ಮ ಹೊಳೆ ಅಂಥದ್ದಲ್ಲ. ಡ್ಯಾಮಿನ ಕೆಳಗೆ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿ ಮೊಸಳೆಗಳೂ ಇವೆ. ಬಂಡೆಗಳ ಸಂದಿಯಲ್ಲಿ ಸುಳಿಗಳಿವೆ. ಕೋದಂಡರಾಮ ದೇವಸ್ಥಾನದ ಮುಂದಿನ ಚಕ್ರತೀರ್ಥಕ್ಕೆ ಆ ಹೆಸರು ಸುಮ್ಮನೆ ಬಂದಿಲ್ಲ. ಗೇಟು ತೆರೆದರೆ ನೀರಿನ ಮಟ್ಟ ನೋಡನೋಡುತ್ತಲೇ ಏರುತ್ತದೆ, ಪುರಂದರ ಮಂಟಪವೇ ಮುಳುಗುತ್ತದೆ. ಸಾಣಾಪುರದ ಬಂಡೆಗಳಿಂದ ಜಿಗಿಯುವ ರೀಲ್ಸ್ ನೋಡಿ ಬರುವ ಪ್ರವಾಸಿಗರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ರೀಲಿನಲ್ಲಿ ಆ ನೀರು ಬಹಳ ಶಾಂತವಾಗಿ ಕಾಣುತ್ತದೆ. ನನ್ನ ಮಾವನ ಮಗ ನೋಡಿದ ಕಾಲುವೆಯೂ ಶಾಂತವಾಗಿಯೇ ಕಂಡಿತ್ತು.

ಹೊಳೆಯ ಅಪಾಯ ಗೊತ್ತಿದ್ದೇ ಇರಬೇಕು, ನಮ್ಮ ಹಿರಿಯರು ಸ್ನಾನಕ್ಕೆಂದು ಬೇರೆ ಜಾಗ ಕಟ್ಟಿದ್ದರು ಅನ್ನಿಸುತ್ತದೆ. ಹಂಪಿಯ ರಾಣಿ ಸ್ನಾನಗೃಹವನ್ನು ನಾವೆಲ್ಲ ಶಾಲಾ ಪ್ರವಾಸದಲ್ಲಿ ನೋಡಿದ್ದೇವೆ. ನಾಲ್ಕೂ ಕಡೆ ಗೋಡೆ, ಒಳಗೆ ಸುಮಾರು ಆರಡಿ ಆಳದ ಚೌಕಾಕಾರದ ಕೊಳ, ನೀರು ಬರಲು ಕಾಲುವೆ. ಮಹಾನವಮಿ ದಿಬ್ಬದ ಬಳಿಯ ಪುಷ್ಕರಣಿಯಲ್ಲಿ ಎಷ್ಟು ಬೇಕೋ ಅಷ್ಟೇ ಇಳಿಯಲು ಸಾಲು ಮೆಟ್ಟಿಲುಗಳಿವೆ. ರಾಜಮನೆತನದವರಿಗೆ ಐನೂರು ವರ್ಷಗಳ ಹಿಂದೆ ಸಿಕ್ಕ ಅನುಕೂಲ ಇಂದು ಕಂಪ್ಲಿಯ ಒಬ್ಬ ಸಾಮಾನ್ಯ ಹುಡುಗಿಗೆ ಸಿಗಬಾರದೇಕೆ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಒಂದು, ಇರುವ ಈಜುಕೊಳಗಳಲ್ಲಿ ಹೆಣ್ಣುಮಕ್ಕಳಿಗೆಂದೇ ಸಮಯ, ಮಹಿಳಾ ತರಬೇತುದಾರರು, ಕೂಲಿ ಮಾಡುವವರ ಮಕ್ಕಳೂ ಕಟ್ಟಬಲ್ಲ ಶುಲ್ಕ ಇರಲಿ. ಕೊಳ ಇಲ್ಲದ ಕಡೆ ಆಳವಿಲ್ಲದ ಒಂದು ಕೊಳ ಆಗಲಿ. ಎರಡು, ಬಟ್ಟೆ ಒಗೆಯುವ, ದನ ಇಳಿಸುವ ಕಡೆಗಳಲ್ಲಿ ಕಾಲುವೆಗೆ ಮೆಟ್ಟಿಲು, ಹಿಡಿದುಕೊಳ್ಳಲು ಸರಪಳಿ ಹಾಕಲಿ. ಮೂರು, ಜನ ಸ್ನಾನಕ್ಕಿಳಿಯುವ ಪ್ರತಿ ಘಟ್ಟದಲ್ಲೂ ಒಂದು ಉದ್ದನೆಯ ಹಗ್ಗ, ತೇಲುವ ಟ್ಯೂಬು ತೂಗುಹಾಕಿರಲಿ. ಜಾತ್ರೆ, ಹುಣ್ಣಿಮೆಯ ದಿನಗಳಲ್ಲಿ ಕಾವಲಿಗೆ ಜೀವರಕ್ಷಕರಿರಲಿ. ‘ಎಚ್ಚರಿಕೆ, ಮೊಸಳೆಗಳಿವೆ’ ಎಂಬ ಬೋರ್ಡು ಬೇಕು. ಆದರೆ ಬೋರ್ಡು ಯಾರನ್ನೂ ಎಳೆದು ದಡಕ್ಕೆ ಹಾಕುವುದಿಲ್ಲ.

ಈ ಕೊನೆಯದರಲ್ಲಿ ಕೆಲಸವೂ ಇದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ, ಅಲ್ಲಿ ಜೀವರಕ್ಷಣೆಯ ತರಬೇತಿ ಕೊಡುತ್ತಾರೆ. ಆನೆಗೊಂದಿ, ತಳವಾರಘಟ್ಟದ ಕಡೆ ಹರಿಗೋಲು ಹಾಕುವ ಮನೆಗಳ ಹುಡುಗರಿಗೆ ಹೊಳೆಯ ಒಂದೊಂದು ಬಂಡೆಯೂ ಗೊತ್ತು. ಅವರಿಗೆ ಅಂಥ ತರಬೇತಿ, ಸಮವಸ್ತ್ರ, ತಿಂಗಳ ಸಂಬಳ ಕೊಟ್ಟರೆ ಹಂಪಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರರು ಸಿಗುವುದಿಲ್ಲ. ನಾನೂ ಎರಡು ವರ್ಷದಿಂದ ಅರ್ಜಿ ಹಾಕುತ್ತ, ಗ್ರಂಥಾಲಯದಲ್ಲಿ ಕೂತು ಪರೀಕ್ಷೆಗೆ ಓದುತ್ತಿರುವವಳು. ಪ್ರವಾಸೋದ್ಯಮದಿಂದ ಉದ್ಯೋಗ ಎಂಬ ಭಾಷಣ ಬಹಳ ಕೇಳಿದ್ದೇನೆ. ಒಂದು ಜೀವ ಉಳಿಸುವ ಉದ್ಯೋಗ ಆ ಪಟ್ಟಿಯಲ್ಲಿ ಮೊದಲು ಬರಲಿ.

ಇದಕ್ಕೆ ಒಂದು ಆಕ್ಷೇಪಣೆಯನ್ನು ನಮ್ಮ ಮನೆಯಲ್ಲೇ ಕೇಳಿದ್ದೇನೆ. ‘ಈಜು ಬರೋರೇ ಹೆಚ್ಚು ಮುಳುಗ್ತಾರ’ ಎನ್ನುತ್ತಾರೆ ಅಪ್ಪ. ಅದರಲ್ಲಿ ಸತ್ಯವಿಲ್ಲದಿಲ್ಲ, ಅರ್ಧ ಕಲಿತವನ ಧೈರ್ಯ ಅಪಾಯದ್ದೇ. ಅದಕ್ಕೇ ಬರೀ ಕೈಕಾಲು ಬಡಿಯುವುದನ್ನಲ್ಲ, ನೀರನ್ನು ಓದುವುದನ್ನು ಕಲಿಸಬೇಕು. ಎಲ್ಲಿ ಇಳಿಯಬಾರದು, ಸೆಳೆತ ಹೇಗಿರುತ್ತದೆ, ಮುಳುಗುವವನನ್ನು ಕಂಡರೆ ತಾನೂ ಜಿಗಿಯದೆ ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನು ಯಾವುದಾದರೂ ಎಸೆಯಬೇಕು ಎಂಬುದನ್ನು ಹೇಳಿಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ, ನೋಡುತ್ತ ನಿಂತವರಿಗೆ ರಕ್ಷಣೆಯ ತರಬೇತಿ ಕೊಡಿ ಎಂದು ಅದೇ ಸಂಸ್ಥೆ ಹೇಳುತ್ತದೆ. ಆ ದಿನ ಕಾಲುವೆಯ ದಂಡೆಯಲ್ಲಿದ್ದ ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಇದು ಗೊತ್ತಿದ್ದರೆ, ಅಲ್ಲೊಂದು ಹಗ್ಗವಿದ್ದಿದ್ದರೆ, ನಮ್ಮ ಮಾವನ ಮನೆಯ ಕಥೆ ಬೇರೆಯೇ ಆಗುತ್ತಿತ್ತೇನೋ.

2021ರಿಂದ ಜುಲೈ 25ನ್ನು ವಿಶ್ವಸಂಸ್ಥೆ ಮುಳುಗುಸಾವು ತಡೆ ದಿನವಾಗಿ ಆಚರಿಸುತ್ತಿದೆ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಎಷ್ಟೋ ದಿನಗಳನ್ನು ಆಚರಿಸುತ್ತವೆ. ಮಳೆಗಾಲದಲ್ಲಿ ಜಲಾಶಯ ತುಂಬುವ ಹೊತ್ತಿಗೇ ಬರುವ ಈ ದಿನ ಒಂದು ಘಟ್ಟಕ್ಕೆ ಹೋಗಿ ಹಗ್ಗ ಎಸೆಯುವುದನ್ನು ಕಲಿತರೆ ಸಾಕು, ಬ್ಯಾನರ್ ಕೂಡ ಬೇಕಿಲ್ಲ.

ಊರಿಗೆ ಬಂದ ವಾರಕ್ಕೆ ಅಮ್ಮ ಒಲೆ ಮುಂದೆ ಕೂತು ಸಹಜವಾಗಿ ಕೇಳಿದರು, ‘ಇಲ್ಲಿ ಈಜು ಕಲಿಸೋರು ಯಾರಾರ ಅದಾರೇನು, ನೋಡು.’ ಹನ್ನೆರಡು ವರ್ಷ ನೀರಿನ ತಂಟೆಗೆ ಹೋಗಬೇಡ ಎಂದವರು ಅವರೇ. ಈಗ ನಾನು ವಾರಕ್ಕೆ ಮೂರು ದಿನ ಕೊಳಕ್ಕೆ ಹೋಗುತ್ತೇನೆ. ನನ್ನ ಜೊತೆ ಕಲಿಯುವವರೆಲ್ಲ ನಾಲ್ಕನೇ, ಐದನೇ ತರಗತಿಯ ಮಕ್ಕಳು. ಅವರು ನನ್ನನ್ನು ‘ಅಕ್ಕಾ, ಕಾಲು ಬಡಿ’ ಎಂದು ಹುರಿದುಂಬಿಸುತ್ತಾರೆ. ಮೊನ್ನೆ ಮೊದಲ ಸಲ ಯಾರನ್ನೂ ಹಿಡಿಯದೆ ಅಂಗಾತ ತೇಲಿದೆ. ಕೊಳದಂಚಿನ ಬೆಂಚಿನಲ್ಲಿ ಕುಳಿತಿದ್ದ ಅಮ್ಮ ಉಸಿರು ಬಿಗಿಹಿಡಿದು ಎಣಿಸುತ್ತಿದ್ದರಂತೆ. ಇಪ್ಪತ್ತರವರೆಗೆ ಬಂದಿತ್ತು ಎಂದರು.